ನೀರು ಹೋದ ದಾರಿ

ಮೇ ತಿಂಗಳ ಮಧ್ಯಾಹ್ನ. ಸಿಂಧನೂರಿನ ಗಂಗಾವತಿ ರಸ್ತೆಯ ಬದಿ, ತಗಡಿನ ಚಪ್ಪರದ ಮುಂದೆ ಭತ್ತ ಕೊಯ್ಯುವ ಹಾರ್ವೆಸ್ಟರ್ ಒಂದು ಬಂದು ನಿಂತಿದೆ. ಮೈತುಂಬ ಹೊಟ್ಟು, ಗಾಲಿಗಳಿಗೆ ಒಣಗಿ ಬಿರಿದ ಕೆಸರು. ಎಂಜಿನ್ನಿನ ಕಡೆಯಿಂದ ಬಿಳಿ ಆವಿ ಬುಸುಗುಡುತ್ತಾ ಏಳುತ್ತಿದೆ. ಮೇಲಿಂದ ಜಿಗಿದ ಹುಡುಗ ತಲೆಗೆ ಸುತ್ತಿದ್ದ ಟವೆಲ್ ಬಿಚ್ಚಿ ಕೈಗೆ ಸುತ್ತಿಕೊಂಡು ನೇರ ರೇಡಿಯೇಟರ್ ಮುಚ್ಚಳದತ್ತ ನಡೆದ. ಚಪ್ಪರದೊಳಗಿಂದ ದನಿಯೊಂದು ಅವನನ್ನು ತಡೆಯಿತು.

“ಏ ತಮ್ಮಾ, ಕೈ ಹಚ್ಚಬ್ಯಾಡ! ಮೊದ್ಲ ಆರ್ಲಿ ಅದು.”

ಹುಡುಗನಿಗೆ ಅವಸರ. ಹೊಲದಲ್ಲಿ ಅರ್ಧ ಬೆಳೆ ಹಾಗೇ ನಿಂತಿದೆ, ಯಂತ್ರದ ಬಾಡಿಗೆ ತಾಸಿನ ಲೆಕ್ಕದ್ದು, ಸಂಜೆಗೆ ಗಾಳಿ-ಮಳೆ ಬಂದರೆ ಕಾಳು ನೆಲದ ಪಾಲು. ಆದರೆ ಮಿಸ್ತ್ರಿ ಎದ್ದು ಬಂದವರೇ ಅವನ ಮುಂಗೈ ಹಿಡಿದು ನೆರಳಿಗೆ ಕೂರಿಸಿದರು. ಪಕ್ಕದ ಅಂಗಡಿಯಿಂದ ಚಹಾ ಬಂತು. ಎಂಜಿನ್ ಆರುವವರೆಗೆ ಯಾರೂ ಪಾನಾ ಮುಟ್ಟಲಿಲ್ಲ.

ಆ ಕಾಯುವಿಕೆ ಈ ಕಸುಬಿನ ಮೊದಲ ಪಾಠ. ರೇಡಿಯೇಟರ್ ಮುಚ್ಚಳ ಬರೀ ಮುಚ್ಚಳವಲ್ಲ, ಅದರೊಳಗೆ ಸ್ಪ್ರಿಂಗ್ ಇಟ್ಟ ಕವಾಟವಿದೆ. ಒಳಗಿನ ನೀರನ್ನು ಒತ್ತಡದಲ್ಲಿ ಹಿಡಿದಿಡುವುದು ಅದರ ಕೆಲಸ. ಬಯಲಲ್ಲಿ ನೂರು ಡಿಗ್ರಿಗೆ ಕುದಿಯುವ ನೀರು 0.9 ಬಾರ್ ಒತ್ತಡದ ಮುಚ್ಚಳದ ಕೆಳಗೆ ಸುಮಾರು 118 ಡಿಗ್ರಿಯವರೆಗೂ ಕುದಿಯದೆ ತಡೆದುಕೊಳ್ಳುತ್ತದೆ. ಎಂಜಿನ್ ಬಿಸಿ ಇರುವಾಗ ಮುಚ್ಚಳ ತಿರುಗಿಸಿದರೆ ಆ ಒತ್ತಡ ಒಮ್ಮೆಲೇ ಇಳಿಯುತ್ತದೆ. ನೂರು ಡಿಗ್ರಿ ಮೀರಿದ ನೀರು ಅದೇ ಕ್ಷಣ ಆವಿಯಾಗಿ, ತೆಗೆದವನ ಮುಖ, ಕತ್ತು, ಎದೆಯ ಮೇಲೆ ಸಿಡಿಯುತ್ತದೆ. ಮೇಲಿನ ರಬ್ಬರ್ ಹೋಸನ್ನು ಹಿಸುಕಿ ನೋಡಿ, ಅದು ಮೆತ್ತಗಾದ ಮೇಲಷ್ಟೇ ಮುಚ್ಚಳಕ್ಕೆ ಕೈ ಹಚ್ಚಬೇಕು. ಮಿಸ್ತ್ರಿಯ ಮೊಣಕೈಯಿಂದ ಬೆರಳಿನವರೆಗೆ ಇಳಿದಿರುವ ಹಳೆಯ ಸುಟ್ಟ ಕಲೆ ಈ ನಿಯಮವನ್ನು ಯಾವ ಪುಸ್ತಕಕ್ಕಿಂತಲೂ ಸ್ಪಷ್ಟವಾಗಿ ಹೇಳುತ್ತದೆ.

ಎಡೆದೊರೆ ನಾಡಿನ, ಅಂದರೆ ಈ ರಾಯಚೂರು ಸೀಮೆಯ, ಬೇಸಿಗೆಯ ಪರಿಚಯವಿದ್ದವರಿಗೆ ಇಲ್ಲಿ ಗಾಡಿಗಳು ಯಾಕೆ ಹೀಗೆ ಸುಸ್ತಾಗಿ ನಿಲ್ಲುತ್ತವೆ ಎಂದು ಬಿಡಿಸಿ ಹೇಳಬೇಕಿಲ್ಲ. ಏಪ್ರಿಲ್, ಮೇ ತಿಂಗಳುಗಳಲ್ಲಿ ರಾಯಚೂರು ಜಿಲ್ಲೆಯ ಬಿಸಿಲು 42 ಡಿಗ್ರಿ ಮುಟ್ಟುವುದು ವರ್ಷವರ್ಷದ ಮಾತು. ಎಂಜಿನ್ ಸುಡುವ ಡೀಸೆಲ್ಲಿನ ಶಾಖದಲ್ಲಿ ಸುಮಾರು ಮೂರರಲ್ಲೊಂದು ಪಾಲು ಗಾಲಿಗೂ ಹೋಗುವುದಿಲ್ಲ, ಹೊಗೆಯ ಜೊತೆಗೂ ಹೋಗುವುದಿಲ್ಲ. ಅದು ನೀರಿಗಿಳಿದು ರೇಡಿಯೇಟರಿಗೆ ಬರುತ್ತದೆ, ಅಲ್ಲಿ ಗಾಳಿಗೆ ಸೇರಬೇಕು. ಎಂಜಿನ್ ನೀರು 90 ಡಿಗ್ರಿ, ಹೊರಗಿನ ಗಾಳಿ 20 ಡಿಗ್ರಿ ಇದ್ದರೆ ನಡುವಿನ ಅಂತರ 70. ಗಾಳಿಯೇ 42 ಡಿಗ್ರಿ ಆದಾಗ ಅಂತರ 48ಕ್ಕೆ ಇಳಿಯುತ್ತದೆ. ಶಾಖ ಹೊರಹೋಗುವ ವೇಗ ಈ ಅಂತರವನ್ನೇ ನೆಚ್ಚಿಕೊಂಡಿರುವುದರಿಂದ, ಡಿಸೆಂಬರಿನಲ್ಲಿ ಸಲೀಸಾಗಿ ಕೆಲಸ ಮಾಡಿದ ಅದೇ ರೇಡಿಯೇಟರ್ ಮೇ ತಿಂಗಳಲ್ಲಿ ತನ್ನ ಬಲದ ಮೂರರಲ್ಲೊಂದು ಪಾಲನ್ನು ಕಳೆದುಕೊಂಡಿರುತ್ತದೆ. ಚಳಿಗಾಲದಲ್ಲಿ ಅಡಗಿದ್ದ ಸಣ್ಣ ದೋಷಗಳೆಲ್ಲ ಬೇಸಿಗೆಯಲ್ಲಿ ಬಯಲಿಗೆ ಬರುವುದು ಇದಕ್ಕೇ.

ಅದೇ ಹೊತ್ತಿಗೆ ಕೆಲಸವೂ ಹೆಚ್ಚು. ತುಂಗಭದ್ರಾ ಎಡದಂಡೆ ಕಾಲುವೆ ಸಿಂಧನೂರನ್ನು ಭತ್ತದ ಊರನ್ನಾಗಿ ಮಾಡಿತು. ಕಾಲುವೆಯ ನೀರನ್ನು ಹಿಂಬಾಲಿಸಿ ಬಂದವರ ಕ್ಯಾಂಪುಗಳು, ಅಕ್ಕಿ ಗಿರಣಿಗಳು, ಟ್ರ್ಯಾಕ್ಟರ್ ಶೋರೂಮುಗಳು, ಬಿಡಿಭಾಗದ ಅಂಗಡಿಗಳು ಒಂದರ ಬೆನ್ನಿಗೆ ಒಂದು ಬೆಳೆದವು. ಜಲಾಶಯದಲ್ಲಿ ಎರಡನೇ ಬೆಳೆಗೆ ನೀರು ಸಿಕ್ಕ ವರ್ಷ, ಬಿಸಿಲು ನೆತ್ತಿಗೇರಿದ ತಿಂಗಳಲ್ಲೇ ಕೊಯ್ಲು. ಹಾರ್ವೆಸ್ಟರ್ ಹೊಲಕ್ಕಿಳಿದರೆ ಆಮೆನಡಿಗೆ. ಎದುರುಗಾಳಿ ಇಲ್ಲ, ಫ್ಯಾನ್ ಎಳೆದ ಗಾಳಿಯೇ ಗತಿ. ಆ ಗಾಳಿಯ ತುಂಬ ಭತ್ತದ ಹೊಟ್ಟು ಮತ್ತು ಧೂಳು.

ಎಂಜಿನ್ ಆರಿತು. ಈಗ ಮಿಸ್ತ್ರಿಯ ವಿಚಾರಣೆ ಶುರು.

“ಯಾವಾಗ ಹೀಟ್ ಆಗ್ತೈತಿ? ಹೊಲದಾಗೋ, ರೋಡಿನ ಮ್ಯಾಲೋ?”

“ಹೊಲಕ್ಕ ಇಳಿದ್ರ ಅರ್ಧ ತಾಸಿನಾಗ ಮುಳ್ಳು ಮ್ಯಾಲೆ ಹೋಗ್ತೈತ್ರಿ. ರೋಡಿಗೆ ಬಂದ್ರ ಇಳಿತೈತಿ.”

“ಮುಂಜಾನಿಂದ ನೀರು ಎಷ್ಟು ಹಾಕಿ?”

“ಎರಡು ಕೊಡ ಹಾಕೀನ್ರಿ.”

ಮಿಸ್ತ್ರಿ ತಲೆಯಾಡಿಸಿದರು. ಹೊಲದಲ್ಲಿ ಏರಿ ರಸ್ತೆಯಲ್ಲಿ ಇಳಿಯುವ ಬಿಸಿ ಎಂದರೆ ಗಾಳಿಯ ದೋಷ. ರೇಡಿಯೇಟರಿನ ಮುಂದಿನ ಜಾಲರಿ ಕಟ್ಟಿರಬೇಕು, ಇಲ್ಲವೇ ಫ್ಯಾನ್ ಬೆಲ್ಟ್ ಸಡಿಲವಾಗಿರಬೇಕು. ಬೆಲ್ಟಿನ ನಡುವೆ ಹೆಬ್ಬೆರಳು ಒತ್ತಿದರು. ಬಿಗಿಯಾಗಿಯೇ ಇತ್ತು. ಜಾಲರಿ ಬಿಚ್ಚಿದರೆ ಹಿಂದೆ ಹೊಟ್ಟಿನ ಗೋಡೆ. ಹುಡುಗ ಕಂಪ್ರೆಸರ್ ಪೈಪು ಹಿಡಿದು ಮುಂದಿನಿಂದ ಊದಲು ಹೋದ. ಮಿಸ್ತ್ರಿ ಅವನನ್ನು ಹಿಂದಕ್ಕೆ ಕಳಿಸಿದರು. ಎಂಜಿನ್ನಿನ ಬದಿಯಿಂದ ಹೊರಗೆ ಊದಬೇಕು. ಮುಂದಿನಿಂದ ಊದಿದರೆ ಹೊಟ್ಟು ರೆಕ್ಕೆಗಳ ನಡುವೆ ಇನ್ನಷ್ಟು ಒಳಗೆ ಹೋಗಿ ಕೂರುತ್ತದೆ. ಪೈಪನ್ನು ತೀರ ಹತ್ತಿರ ಹಿಡಿದರೆ ತೆಳ್ಳಗಿನ ರೆಕ್ಕೆಗಳು ಮಡಚಿಕೊಂಡು ಗಾಳಿಯ ದಾರಿಯೇ ಮುಚ್ಚುತ್ತದೆ. ಹತ್ತು ನಿಮಿಷ ಊದಿದ ಮೇಲೆ ರೇಡಿಯೇಟರಿನ ಈಚೆಯಿಂದ ಆಚೆಯ ಬೆಳಕು ಕಂಡಿತು.

ಅವಸರದ ಮೆಕ್ಯಾನಿಕ್ ಇಲ್ಲಿಗೇ ಕೈ ತೊಳೆದುಕೊಂಡು ಬಿಲ್ಲು ಬರೆಯುತ್ತಿದ್ದ. ಇವರು ಬರೆಯಲಿಲ್ಲ.

“ಹೊಟ್ಟು ಗಾಳಿ ತಡೀತೈತಿ, ಖರೆ. ನೀರು ಕುಡಿಯಂಗಿಲ್ಲ. ಎರಡು ಕೊಡ ನೀರು ಎಲ್ಲಿ ಹೋತು?”

ಬಿಸಿಯೇರಿದ ಎಂಜಿನ್ನಿನ ಚಿಕಿತ್ಸೆಯೆಲ್ಲ ಈ ಒಂದು ಪ್ರಶ್ನೆಯ ಮೇಲೆ ನಿಂತಿದೆ. ಬಿಸಿ ರೋಗವಲ್ಲ, ರೋಗದ ಗುರುತು. ಎಂಜಿನ್ನಿನ ನೀರು ಮುಚ್ಚಿದ ದಾರಿಯಲ್ಲೇ ಸುತ್ತುತ್ತದೆ. ಸರಿಯಿರುವ ಗಾಡಿಗೆ ದಿನದಿನವೂ ನೀರು ತುಂಬುವ ಅಗತ್ಯವೇ ಬೀಳದು. ಕಡಿಮೆಯಾಗಿದೆ ಎಂದರೆ ಎಲ್ಲೋ ಹೊರಟುಹೋಗಿದೆ. ಆ ದಾರಿ ಹುಡುಕದೆ ಕೊಡದ ಮೇಲೆ ಕೊಡ ಸುರಿಯುವವನು ದೋಷವನ್ನು ನಾಳೆಗೆ ಮುಂದೂಡುತ್ತಿರುತ್ತಾನೆ, ಅಷ್ಟೇ.

ಮಿಸ್ತ್ರಿ ಬ್ಯಾಟರಿ ಹಿಡಿದು ಮೇಲಿನಿಂದ ಕೆಳಕ್ಕೆ ನೋಡುತ್ತಾ ಬಂದರು. ಸೋರಿಕೆ ಎಂದರೆ ಯಾವಾಗಲೂ ತೊಟ್ಟಿಕ್ಕುವ ಹನಿಯಲ್ಲ. ಬಿಸಿ ಕಬ್ಬಿಣದ ಮೇಲೆ ಬಿದ್ದ ಹನಿ ನೆಲ ಮುಟ್ಟುವ ಮೊದಲೇ ಆರಿಹೋಗುತ್ತದೆ. ಉಳಿಯುವುದು ಅದರ ಕಲೆ ಮಾತ್ರ: ಬರೀ ನೀರಾಗಿದ್ದರೆ ಬಿಳಿ ಸುಣ್ಣದ ಗೆರೆ, ತುಕ್ಕು ನೀರಾಗಿದ್ದರೆ ಕಂದು ಜಾಡು, ಕೂಲಂಟ್ ಆಗಿದ್ದರೆ ಹಸಿರು ಅಥವಾ ಗುಲಾಬಿ ಹುಡಿ. ಹೋಸುಗಳ ಕ್ಲಿಪ್ಪುಗಳ ಬಳಿ ಒಣಗಿತ್ತು. ರೇಡಿಯೇಟರಿನ ಮೇಲಿನ ತೊಟ್ಟಿ, ಕೆಳಗಿನ ತೊಟ್ಟಿ, ಎರಡರ ಅಂಚೂ ಒಣಗಿತ್ತು. ನೀರಿನ ಪಂಪಿನ ಹೊಟ್ಟೆಯ ಕೆಳಗೆ ಕಡ್ಡಿ ತೂರುವಷ್ಟು ಸಣ್ಣ ತೂತು. ಅಲ್ಲಿಂದ ಕೆಳಕ್ಕೆ ಕಂದು ಗೆರೆ ಇಳಿದಿತ್ತು. ಫ್ಯಾನಿನ ಎಲೆ ಹಿಡಿದು ಹಿಂದೆ ಮುಂದೆ ಅಲುಗಿಸಿದರು. ಕಟಕಟ ಎಂದಿತು.

ಆ ತೂತು ಪಂಪ್ ಮಾಡಿದವರೇ ಇಟ್ಟದ್ದು. ಪಂಪಿನ ಸೀಲ್ ಸವೆದಾಗ ನೀರು ಬೇರಿಂಗಿಗೆ ನುಗ್ಗದೆ ಹೊರಗೆ ಬರಲಿ, ಬಂದು ಕಣ್ಣಿಗೆ ಕಾಣಲಿ ಎನ್ನುವುದು ಅದರ ಉದ್ದೇಶ. ಕೆಲವರು ಆ ತೂತಿಗೇ ಎಂ-ಸೀಲ್ ಮೆತ್ತಿ ಸೋರಿಕೆ ನಿಲ್ಲಿಸಿದೆವೆಂದು ಸಮಾಧಾನಪಡುತ್ತಾರೆ. ಆಮೇಲೆ ನೀರು ಬೇರಿಂಗ್ ತಿನ್ನುತ್ತದೆ, ಒಂದು ದಿನ ಫ್ಯಾನ್ ಕಿತ್ತು ರೇಡಿಯೇಟರನ್ನೇ ಸೀಳುತ್ತದೆ. ಹಾರ್ವೆಸ್ಟರಿಗೆ ಹೊಸ ಸೀಲ್, ಹೊಸ ಬೇರಿಂಗ್ ಬಿದ್ದವು. ಸಂಜೆ ನಾಲ್ಕರ ಹೊತ್ತಿಗೆ ಅದು ಮತ್ತೆ ಹೊಲದ ದಾರಿ ಹಿಡಿಯಿತು.

ನಾಲ್ಕು ಅಂಗಡಿ ದಾಟಿದರೆ ರೇಡಿಯೇಟರ್ ಕೆಲಸವನ್ನೇ ಮಾಡುವವರ ಜಾಗ. ಒಳಗೆ ಗ್ಯಾಸ್ ಬರ್ನರಿನ ಸದ್ದು, ಆಸಿಡ್ಡಿನ ಘಾಟು. ಗೋಡೆಗೆ ಒರಗಿಸಿದ ಹಳೆಯ ಟ್ರ್ಯಾಕ್ಟರ್ ರೇಡಿಯೇಟರುಗಳು, ಜೀಪಿನವು, ಲಾರಿಯವು. ನಡುವೆ ನೀರು ತುಂಬಿದ ದೊಡ್ಡ ತೊಟ್ಟಿ. ರೇಡಿಯೇಟರಿನ ಬಾಯಿಗಳನ್ನು ರಬ್ಬರ್ ಬಿರಡೆಯಿಂದ ಮುಚ್ಚಿ, ಒಂದರಿಂದ ಗಾಳಿ ತುಂಬಿ ತೊಟ್ಟಿಯಲ್ಲಿ ಮುಳುಗಿಸುತ್ತಾರೆ. ಗುಳ್ಳೆ ಎಲ್ಲಿಂದ ಏಳುತ್ತದೋ ಅಲ್ಲಿ ತೂತು. ಕಣ್ಣಿಗೆ ಕಾಣದ ಸೂಜಿಮೊನೆಯಷ್ಟರ ತೂತೂ ಇಲ್ಲಿ ಅಡಗಲಾರದು. ಗುಳ್ಳೆ ಎದ್ದ ಜಾಗಕ್ಕೆ ಸೀಮೆಸುಣ್ಣದ ಗುರುತು. ಮೇಲೆತ್ತಿ ಒರೆಸಿ, ತಂತಿ ಬ್ರಷ್ಷಿನಿಂದ ತಿಕ್ಕಿ, ಆಸಿಡ್ ಸವರಿ, ಸೀಸ-ತವರದ ಬೆಸುಗೆ ಹರಿಸುತ್ತಾರೆ. ಮತ್ತೆ ತೊಟ್ಟಿಗೆ. ಗುಳ್ಳೆ ನಿಲ್ಲುವವರೆಗೆ ಇದೇ ಆಟ.

ಸೋರದಿದ್ದರೂ ಬಿಸಿಯೇರುವ ರೇಡಿಯೇಟರಿನ ಕತೆ ಬೇರೆ. ಅದರ ಮೇಲಿನ ತೊಟ್ಟಿಯನ್ನು ಬೆಸುಗೆ ಕಾಯಿಸಿ ಬಿಡಿಸಿದರೆ ಕೊಳವೆಗಳ ಬಾಯಿ ಕಾಣುತ್ತದೆ. ಅರ್ಧಕ್ಕರ್ಧ ಬಾಯಿಗಳಲ್ಲಿ ಬೂದುಬಣ್ಣದ ಗಟ್ಟಿ ಸುಣ್ಣ. ಬೋರಿನ ಸೌಳು ನೀರು ವರ್ಷಗಟ್ಟಲೆ ಕಾದು ಕಾದು ಬಿಟ್ಟ ಉಳಿಕೆ ಅದು. ಕೆಲಸದವರು ಅದನ್ನು ರೈತನಿಗೆ ತೋರಿಸಿ ಹೇಳುವ ಮಾತು ಈ ನೆಲದಲ್ಲೇ ಹುಟ್ಟಿದ್ದು: “ಕಾಲುವಿ ಒಳಗ ಹೂಳು ತುಂಬಿದ್ರ ಟೇಲೆಂಡಿಗೆ ನೀರು ಬರ್ತೈತೇನ್ರಿ? ಇದೂ ಹಂಗ. ಮ್ಯಾಲೆ ನೀರು ಐತಿ, ಕೆಳಗ ಮುಟ್ಟವಲ್ದು.” ಕೇಳಿದ ರೈತ ಮರುಮಾತಾಡುವುದಿಲ್ಲ. ಕೆಳಭಾಗದ ಹೊಲಕ್ಕೆ ನೀರು ತಲುಪದ ಸಂಕಟ ಸಿಂಧನೂರು, ಮಸ್ಕಿ ಸೀಮೆಯ ಮನೆಮನೆಗೂ ಗೊತ್ತು.

ಚಪ್ಪಟೆ ಕಬ್ಬಿಣದ ಪಟ್ಟಿಯನ್ನು ಒಂದೊಂದೇ ಕೊಳವೆಯೊಳಗೆ ಇಳಿಸಿ, ಮೇಲೆ ಕೆಳಗೆ ಆಡಿಸಿ ಸುಣ್ಣ ಕೆಡವುತ್ತಾರೆ. ರಾಡ್ ಹೊಡೆಯುವುದೆಂದರೆ ಇದೇ. ಕೊಳವೆಯ ಗೋಡೆ ಕಾಗದದಷ್ಟು ತೆಳು. ಕೈ ಬಿರುಸಾದರೆ ಸೀಳುತ್ತದೆ, ಮೆತ್ತಗಾದರೆ ಸುಣ್ಣ ಉಳಿಯುತ್ತದೆ. ಉಳಿದ ಸುಣ್ಣ ಸಣ್ಣ ವಿಷಯವಲ್ಲ: ಶಾಖ ದಾಟಿಸುವುದರಲ್ಲಿ ಅದರ ಶಕ್ತಿ ತಾಮ್ರದ ನೂರರಲ್ಲೊಂದು ಪಾಲಿಗಿಂತಲೂ ಕಡಿಮೆ. ಈ ಕೆಲಸ ಮಾಡುವ ಕೈಗಳಿಗೆ ಅದರದೇ ಬೆಲೆಯೂ ಇದೆ. ರೇಡಿಯೇಟರ್ ರಿಪೇರಿಯವರ ರಕ್ತದಲ್ಲಿ ಸೀಸದ ಪ್ರಮಾಣ ಹೆಚ್ಚಿರುವುದು ಹಲವು ದೇಶಗಳಲ್ಲಿ ಕಂಡುಬಂದಿದೆ. ಚಪ್ಪರದಡಿ ಗಾಳಿಯಾಡುವಂತೆ ಕೆಲಸ ಮಾಡುವುದು, ಊಟಕ್ಕೆ ಮುಂಚೆ ಸಾಬೂನಿನಿಂದ ಕೈ ತೊಳೆಯುವುದು, ಕೆಲಸದ ಬಟ್ಟೆಯನ್ನು ಮನೆಯ ಮಕ್ಕಳಿಂದ ದೂರ ಇಡುವುದು ಇವರ ಪಾಲಿಗೆ ಪ್ರಾಣದ ಪ್ರಶ್ನೆ.

ಸಿಂಧನೂರು ಬಿಟ್ಟು 150ಎ ರಾಷ್ಟ್ರೀಯ ಹೆದ್ದಾರಿಯಲ್ಲಿ ಲಿಂಗಸುಗೂರಿನ ಕಡೆ ಹೊರಟರೆ ಹಸಿರು ನಿಧಾನಕ್ಕೆ ಹಿಂದೆ ಸರಿಯುತ್ತದೆ. ಭತ್ತದ ಗದ್ದೆ ಮುಗಿದು ಎರೆ ಹೊಲ, ಹತ್ತಿ ಕಟ್ಟಿಗೆಯ ಒಣಗಿದ ಸಾಲು, ದೂರದಲ್ಲಿ ಬಂಡೆಗಳ ಗುಡ್ಡ. ಮಸ್ಕಿ ಬಂತು. 1915ರಲ್ಲಿ ಚಿನ್ನದ ಗಣಿಯ ಎಂಜಿನಿಯರ್ ಸಿ. ಬೀಡನ್ ಇಲ್ಲಿನ ಬಂಡೆಯ ಮೇಲೆ ಅಶೋಕನ ಶಾಸನ ಕಂಡ. ಅಲ್ಲಿಯವರೆಗೆ ಬಂಡೆಗಳ ಮೇಲೆ ‘ದೇವಾನಾಂಪ್ರಿಯ’ ಎಂದಷ್ಟೇ ಗುರುತಾಗಿದ್ದ ದೊರೆಯ ಸ್ವಂತ ಹೆಸರನ್ನು ಸಾರಿದ ಶಾಸನ ಅದು. ಆ ಗುಡ್ಡದ ಊರಿನ ಹೆದ್ದಾರಿ ಅಂಚಿನಲ್ಲಿ ಮಂಡಾಳು ಒಗ್ಗರಣಿ, ಮಿರ್ಚಿಯ ಅಂಗಡಿಗಳ ಸಾಲು. ಅವುಗಳ ಮುಂದೆ ಬಾನೆಟ್ ಎತ್ತಿದ ಹಳೆಯ ಲಾರಿ.

ಲಾರಿಯ ಡ್ರೈವರ್ ಹೇಳುವುದು ವಿಚಿತ್ರ. ಆವಿ ಹಾರುತ್ತಿದೆ, ಆದರೆ ಮುಳ್ಳು ತಣ್ಣಗಿದೆ. ಮುಳ್ಳು ನಂಬಿ ಆತ ಇನ್ನೂ ಹತ್ತು ಕಿಲೋಮೀಟರ್ ಓಡಿಸಿಕೊಂಡು ಬಂದಿದ್ದಾನೆ. ಇದು ಎಂಜಿನ್ ಕೊಲ್ಲುವ ಮೋಸ. ಶಾಖ ಅಳೆಯುವ ಸೆನ್ಸರ್ ನೀರಿನಲ್ಲಿ ಮುಳುಗಿರಬೇಕು. ನೀರು ಕೆಳಗಿಳಿದು ಅದರ ಸುತ್ತ ಬರೀ ಗಾಳಿ, ಆವಿ ಉಳಿದಾಗ ಮುಳ್ಳು ಸುಳ್ಳು ಹೇಳುತ್ತದೆ. ಏರುತ್ತಿದ್ದ ಮುಳ್ಳು ಇದ್ದಕ್ಕಿದ್ದಂತೆ ಕುಸಿದರೆ ಸಂತೋಷಪಡದೆ ಆ ಕ್ಷಣವೇ ಬದಿಗೆ ನಿಲ್ಲಿಸಬೇಕು. ಕ್ಲೀನರ್ ಹುಡುಗ ಹ್ಯಾಂಡ್‌ಪಂಪಿನಿಂದ ತಣ್ಣೀರು ತಂದು ಸುರಿಯಲು ಮುಂದಾದಾಗ ಅಲ್ಲಿದ್ದ ಹಿರಿಯ ಡ್ರೈವರೊಬ್ಬರು ತಡೆದರು. ಕಾದ ಎರಕದ ಹೆಡ್ಡಿಗೆ ತಣ್ಣೀರು ಬಿದ್ದರೆ ಬಿರುಕು ಬಿಡುತ್ತದೆ. ಹಾಕಲೇಬೇಕಿದ್ದರೆ ಎಂಜಿನ್ ಆರಿದ ಮೇಲೆ ಚಾಲೂ ಮಾಡಿ, ಸಣ್ಣ ಧಾರೆಯಲ್ಲಿ ಸ್ವಲ್ಪಸ್ವಲ್ಪವೇ ಹಾಕಬೇಕು.

ಮಸ್ಕಿಯ ಮೆಕ್ಯಾನಿಕ್ ಸೈಕಲ್ ಮೋಟಾರಿನಲ್ಲಿ ಬಂದ. ಮೇಲಿನ ಹೋಸ್ ಮುಟ್ಟಿದ, ಸುಡುತ್ತಿತ್ತು. ಕೆಳಗಿನ ಹೋಸ್ ಮುಟ್ಟಿದ, ಅದೂ ಬಹುತೇಕ ಅಷ್ಟೇ ಬಿಸಿ. ಮೇಲಿನದು ಸುಟ್ಟು ಕೆಳಗಿನದು ತಣ್ಣಗಿದ್ದರೆ ಥರ್ಮೋಸ್ಟಾಟ್ ಮುಚ್ಚಿಕೊಂಡಿದೆ, ಅಥವಾ ರೇಡಿಯೇಟರ್ ಕಟ್ಟಿದೆ ಎಂದು ತಿಳಿಯಬಹುದಿತ್ತು. ಇಲ್ಲಿ ಹಾಗಲ್ಲ. ಥರ್ಮೋಸ್ಟಾಟ್ ಮನೆ ಬಿಚ್ಚಿದರೆ ಅದು ಖಾಲಿ. ಹಿಂದೆ ಯಾರೋ ತೆಗೆದು ಎಸೆದಿದ್ದರು. ಬಿಸಿಯೂರಿನ ಗಾಡಿಗೆ ಥರ್ಮೋಸ್ಟಾಟ್ ಬೇಡ ಎನ್ನುವ ನಂಬಿಕೆ ನಮ್ಮಲ್ಲಿ ಆಳವಾಗಿ ಬೇರುಬಿಟ್ಟಿದೆ. ಅದು ತಪ್ಪು. ಎಂಜಿನ್ ತನ್ನ ಸರಿಯಾದ ಬಿಸಿ ಮುಟ್ಟುವವರೆಗೆ ನೀರನ್ನು ಒಳಗೇ ಸುತ್ತಿಸಿ, 80 ಡಿಗ್ರಿ ದಾಟಿದ ಮೇಲೆ ರೇಡಿಯೇಟರಿನ ದಾರಿ ತೆರೆಯುವುದು ಅದರ ಕೆಲಸ. ಹಲವು ಎಂಜಿನ್ನುಗಳಲ್ಲಿ ದಾರಿ ತೆರೆಯುವಾಗ ಅದು ಒಳದಾರಿಯನ್ನೂ ಮುಚ್ಚುತ್ತದೆ. ಕಿತ್ತುಹಾಕಿದರೆ ಒಳದಾರಿ ಸದಾ ತೆರೆದೇ ಇರುತ್ತದೆ. ಬಿಸಿ ನೀರಿನ ಒಂದು ಪಾಲು ರೇಡಿಯೇಟರ್ ಮುಟ್ಟದೆ ಮತ್ತೆ ಎಂಜಿನ್ನಿಗೇ ಹೋಗುತ್ತದೆ. ತಂಪಾಗಲೆಂದು ಮಾಡಿದ್ದೇ ಭಾರ ಎಳೆಯುವಾಗ ಬಿಸಿಗೆ ಕಾರಣವಾಗುತ್ತದೆ.

ಆತ ಹೊಸ ಥರ್ಮೋಸ್ಟಾಟ್ ತರಿಸಿ ನೇರ ಹಾಕಲಿಲ್ಲ. ಚಹಾದಂಗಡಿಯ ಒಲೆಯ ಮೇಲೆ ಪಾತ್ರೆಯಲ್ಲಿ ನೀರಿಟ್ಟು, ದಾರ ಕಟ್ಟಿ ಅದರಲ್ಲಿ ಇಳಿಬಿಟ್ಟ. ನೀರು ಕುದಿ ಬರುವ ಮೊದಲೇ ಕವಾಟ ಮೆಲ್ಲಗೆ ಬಾಯಿ ತೆರೆಯಿತು. ಹೊರತೆಗೆದಾಗ ಮುಚ್ಚಿಕೊಂಡಿತು. ಸುತ್ತ ನೆರೆದವರು ಕಣ್ಣಾರೆ ಕಂಡರು. ಎರಡು ನಿಮಿಷದ ಈ ಪರೀಕ್ಷೆಗೆ ಖರ್ಚೆಂದರೆ ಒಂದು ಚಹಾದ ಗ್ಯಾಸು. ರಸ್ತೆಬದಿಯಲ್ಲಿ ಹೀಗೆ ಊಹೆ ಬಿಟ್ಟು ಪುರಾವೆ ಕೇಳುವ ಮನಸ್ಸೇ ಒಳ್ಳೆಯ ಮೆಕ್ಯಾನಿಕನ ಬಂಡವಾಳ.

ಮಸ್ಕಿ ದಾಟಿ ಲಿಂಗಸುಗೂರಿಗೆ ಬರುವಾಗ ನೆಲ ಏರುತ್ತದೆ. ಒಂದು ಕಾಲದ ದಂಡಿನ ಊರು ಇದು. ಹಟ್ಟಿಯ ಚಿನ್ನದ ಗಣಿ, ಮುದಗಲ್ಲಿನ ಕೋಟೆ ಇದೇ ತಾಲ್ಲೂಕಿನಲ್ಲಿವೆ. ಬಸ್ ನಿಲ್ದಾಣದ ಸುತ್ತ ಕ್ರೂಸರುಗಳು, ಟಂಟಂಗಳು, ಮುಪ್ಪಾದರೂ ದುಡಿಯುತ್ತಿರುವ ಮಹೀಂದ್ರಾ ಜೀಪುಗಳು. ಮೇಲೆ ಗಂಟುಮೂಟೆ, ಒಳಗೆ ಹಿಡಿಸುವಷ್ಟಕ್ಕಿಂತ ಹೆಚ್ಚು ಜನ. ಇಲ್ಲಿನ ಗ್ಯಾರೇಜಿನಲ್ಲಿ ನಿಂತಿದ್ದ ಹಳೆಯ ಜೀಪಿನದು ಮೂರರಲ್ಲೂ ಕಠಿಣ ಪ್ರಕರಣ. ಹನಿ ಸೋರಿಲ್ಲ, ಕಲೆ ಇಲ್ಲ, ಪಂಪ್ ಸರಿಯಿದೆ, ರೇಡಿಯೇಟರ್ ಹೊಸದು. ಆದರೂ ದಿನಕ್ಕೆ ಎರಡು ಲೀಟರ್ ನೀರು ಮಾಯ.

ಹೊರಗೆ ಕಾಣದ ನೀರು ಒಳಗೆ ಹೋಗಿದೆ. ಇದನ್ನು ತಿಳಿಯುವ ಕ್ರಮ ಕಲಿಯುವಂಥದ್ದು. ಮುಂಜಾನೆ ತಣ್ಣಗಿದ್ದ ಎಂಜಿನ್ ಚಾಲೂ ಮಾಡಿ ಮೇಲಿನ ಹೋಸ್ ಹಿಡಿದರು. ನೀರು ಇನ್ನೂ ಬೆಚ್ಚಗೂ ಆಗಿಲ್ಲ, ಹೋಸ್ ಆಗಲೇ ಕಲ್ಲಿನಂತೆ ಗಟ್ಟಿ. ಬಿಸಿಯಿಂದ ಬಂದ ಒತ್ತಡವಲ್ಲ ಅದು, ಸಿಲಿಂಡರಿನಿಂದ ನುಗ್ಗಿದ ಗ್ಯಾಸಿನದು. ಆರಿಸಿ, ಒತ್ತಡ ಇಳಿಸಿ, ಮುಚ್ಚಳ ತೆಗೆದೇ ಮತ್ತೆ ಚಾಲೂ ಮಾಡಿ ಕತ್ತಿನವರೆಗೆ ನೀರು ತುಂಬಿದರು. ಒಂದೇ ಸಮ ಗುಳ್ಳೆ. ಆಕ್ಸಿಲರೇಟರ್ ಒತ್ತಿದರೆ ಗುಳ್ಳೆ ಹೆಚ್ಚು. ಸಿಲಿಂಡರುಗಳಿಗೂ ಮೇಲಿನ ಹೆಡ್ಡಿಗೂ ನಡುವೆ ಕೂರುವ ಹೆಡ್ ಗ್ಯಾಸ್ಕೆಟ್ ಸುಟ್ಟಿರುವುದಕ್ಕೆ ಇದಕ್ಕಿಂತ ಹೆಚ್ಚಿನ ಸಾಕ್ಷಿ ಬೇಡ. ಆಯಿಲ್ ಕಡ್ಡಿ ಎಳೆದು ನೋಡಿದರು. ಆಯಿಲ್ ಕಪ್ಪಗೇ ಇತ್ತು. ನೀರು ಸೇರಿದ್ದರೆ ಅದು ಹಾಲು ಬೆರೆಸಿದ ಚಹಾದ ಬಣ್ಣಕ್ಕೆ ತಿರುಗುತ್ತಿತ್ತು. ಹಾಗಾದ ಗಾಡಿಯನ್ನು ಒಂದು ನಿಮಿಷವೂ ಓಡಿಸಕೂಡದು, ಬೇರಿಂಗುಗಳು ಹೋಗುತ್ತವೆ.

ಹೆಡ್ ಇಳಿಸಿದರು. ಎರಡು ಸಿಲಿಂಡರುಗಳ ನಡುವೆ ಗ್ಯಾಸ್ಕೆಟ್ ಕರಿದಾಗಿತ್ತು. ಹೊಸ ಗ್ಯಾಸ್ಕೆಟ್ ಹಾಕಿ ಬಿಗಿದರೆ ಕೆಲಸ ಮುಗಿಯಿತೆಂದು ಜೀಪಿನ ಯಜಮಾನರ ಆಸೆ. ಮಿಸ್ತ್ರಿ ಒಪ್ಪಲಿಲ್ಲ.

“ಇದು ಯಾಕ ಸುಟ್ತು ಅಂತ ನೋಡ್ಬೇಕ್ರಿ ಸಾವ್ಕಾರ್ರ. ಇಲ್ಲಾಂದ್ರ ಮುಂದಿನ ತಿಂಗಳು ಮತ್ತ ಬರ್ತೀರಿ.”

ಉಕ್ಕಿನ ನೇರಪಟ್ಟಿಯನ್ನು ಹೆಡ್ಡಿನ ಮೈಗೆ ಅಡ್ಡ, ಉದ್ದ, ಮೂಲೆಯಿಂದ ಮೂಲೆಗೆ ಇಟ್ಟು, ಅಡಿಗೆ ಫೀಲರ್ ಗೇಜಿನ ಎಲೆ ತೂರಿಸಿ ನೋಡಿದರು. ಒಂದು ಮಿಲಿಮೀಟರಿನ ಹತ್ತರಲ್ಲೊಂದು ಪಾಲಿನಷ್ಟು ಬಾಗಿದ್ದರೂ ಗ್ಯಾಸ್ಕೆಟ್ ಹಿಡಿಯುವುದಿಲ್ಲ. ನಡುವೆ ಬಾಗಿತ್ತು. ಎಂದೋ ನೀರಿಲ್ಲದೆ ಓಡಿಸಿದ ದಿನದ ಗುರುತು ಅದು. ಹೆಡ್ಡಿನ ಮೈ ಸಮ ಮಾಡಿಸಲು ಫೇಸಿಂಗಿಗೆ ಕಳಿಸಿದರು. ಬೋಲ್ಟುಗಳನ್ನು ನಡುವಿನಿಂದ ಹೊರಕ್ಕೆ, ಟಾರ್ಕ್ ಪಾನಾದಿಂದ, ಮೂರು ಸುತ್ತಿನಲ್ಲಿ ಬಿಗಿದರು. ಎರಡು ಲೀಟರ್ ನೀರು ಹೋದ ದಾರಿ ಕೊನೆಗೂ ಸಿಕ್ಕಿತು: ಸಿಲಿಂಡರಿನೊಳಕ್ಕೆ, ಅಲ್ಲಿಂದ ಸೈಲೆನ್ಸರಿನ ಬಿಳಿ ಹೊಗೆಯಾಗಿ ಆಕಾಶಕ್ಕೆ.

ಹಾರ್ವೆಸ್ಟರ್, ಲಾರಿ, ಜೀಪು ದಿನದಿನದ ನೋಟವಾದರೂ ಹಳೆಯ ಸ್ಪೋರ್ಟ್ಸ್ ಕಾರು ಈ ಮೂರೂರಿನ ರಸ್ತೆಗಳಲ್ಲಿ ಅಪರೂಪ. ಆದರೆ ರೇಡಿಯೇಟರಿನ ಚರಿತ್ರೆ ಬೆಳೆದದ್ದು ಅಂಥ ಕಾರಿನಿಂದಲೇ. ಮೊದಲ ಕಾಲದ ಮೋಟಾರುಗಳು ನೀರನ್ನು ಕುದಿಸಿ ಆವಿಯಾಗಿ ಬಿಟ್ಟು ತಂಪಾಗುತ್ತಿದ್ದವು, ದಾರಿಯುದ್ದಕ್ಕೂ ನೀರು ಬೇಡುತ್ತಿದ್ದವು. ವಿಲ್‌ಹೆಲ್ಮ್ ಮೇಬಾಖ್ 8,070 ಪುಟ್ಟ ಕೊಳವೆಗಳನ್ನು ಬೆಸೆದು ಜೇನುಗೂಡಿನ ರೇಡಿಯೇಟರ್ ಮಾಡಿದ. ಅದನ್ನು ಹೊತ್ತ 35 ಅಶ್ವಶಕ್ತಿಯ ಮರ್ಸಿಡಿಸ್ 1901ರ ಮಾರ್ಚಿನಲ್ಲಿ ಫ್ರಾನ್ಸಿನ ನೀಸ್ ಪಂದ್ಯಗಳನ್ನು ಗೆದ್ದಿತು. ವೇಗಕ್ಕೆ ಮೊದಲು ತಂಪು ಬೇಕು ಎನ್ನುವುದನ್ನು ಜಗತ್ತಿಗೆ ತೋರಿಸಿದ ಕಾರು ಅದು. ಮುಂದೆ ಟೊಯೊಟಾ ಎಂ.ಆರ್.2, ಫಿಯಾಟ್ ಎಕ್ಸ್ 1/9ನಂಥ ಕಾರುಗಳಲ್ಲಿ ಎಂಜಿನ್ ಸೀಟಿನ ಹಿಂದೆ ಹೋಯಿತು, ರೇಡಿಯೇಟರ್ ಮೂಗಿನಲ್ಲೇ ಉಳಿಯಿತು. ನಡುವೆ ಕಾರಿನ ಉದ್ದಕ್ಕೂ ಪೈಪುಗಳು. ಅವು ತುಕ್ಕು ಹಿಡಿದರೆ ಕಾಣದ ಸೋರಿಕೆ. ನೀರು ತುಂಬುವಾಗ ಗಾಳಿ ಪೂರ್ತಿ ಹೊರಹೋಗದಿದ್ದರೆ ನಡುವೆಲ್ಲೋ ಗಾಳಿಗುಳ್ಳೆ ಕೂತು ಎಂಜಿನ್ ಕಾಯುತ್ತದೆ. ಆ ಕಾರಿನ ಮುಂದೆ ನಿಂತವನೂ ಕೇಳಬೇಕಾದದ್ದು ಸಿಂಧನೂರಿನ ಮಿಸ್ತ್ರಿ ಕೇಳಿದ್ದನ್ನೇ: ಯಾವಾಗ ಬಿಸಿ? ಎಷ್ಟು ನೀರು? ಎಲ್ಲಿ ಹೋಯಿತು? ಕೈಪಂಪಿನಿಂದ ತಣ್ಣಗಿನ ಎಂಜಿನ್ನಿಗೆ ಮುಚ್ಚಳದ ಮೇಲೆ ಬರೆದಷ್ಟೇ ಒತ್ತಡ ತುಂಬಿ, ಮುಳ್ಳು ಇಳಿಯುತ್ತದೆಯೇ ಎಂದು ಕಾದು ನೋಡುವ ಪ್ರೆಷರ್ ಟೆಸ್ಟರ್ ಲಕ್ಷಾಂತರ ಬೆಲೆಯ ಕಾರಿಗೂ ಒಂದೇ, ಉಳುವ ಟ್ರ್ಯಾಕ್ಟರಿಗೂ ಒಂದೇ.

ಮೂರೂರಿನ ಮಿಸ್ತ್ರಿಗಳೂ ಒಂದೇ ದನಿಯಲ್ಲಿ ಹೇಳುವ ಮಾತು ನೀರಿನದು. ಬೋರಿನ ಸೌಳು ನೀರು ಬೇಡ. ಬ್ಯಾಟರಿಗೆ ಹಾಕುವ ಡಿಸ್ಟಿಲ್ಡ್ ನೀರಿಗೆ ಅರ್ಧಕ್ಕರ್ಧ ಕೂಲಂಟ್ ಬೆರೆಸಬೇಕು, ಅಥವಾ ಬೆರೆಸಿದ್ದನ್ನೇ ಕೊಳ್ಳಬೇಕು. ಕೂಲಂಟ್ ಚಳಿದೇಶದವರಿಗೆ ಮಾತ್ರ ಎನ್ನುವವರಿದ್ದಾರೆ. ಅರ್ಧಪಾಲು ಕೂಲಂಟ್ ಸೇರಿದ ನೀರು ಮುಚ್ಚಳದ ಒತ್ತಡವಿಲ್ಲದೆಯೂ ಸುಮಾರು 107 ಡಿಗ್ರಿಯವರೆಗೆ ಕುದಿಯದು. ತುಕ್ಕನ್ನೂ ಸುಣ್ಣವನ್ನೂ ತಡೆಯುತ್ತದೆ. ಡೀಸೆಲ್ ಎಂಜಿನ್ನಿನ ಸಿಲಿಂಡರಿನ ಗೋಡೆಯಾದ ಲೈನರ್ ಪ್ರತಿ ಹೊಡೆತಕ್ಕೂ ನಡುಗುವಾಗ ಅದರ ಹೊರಮೈಯಲ್ಲಿ ಸಣ್ಣ ಗುಳ್ಳೆಗಳು ಹುಟ್ಟಿ ಒಡೆಯುತ್ತವೆ. ಬರೀ ನೀರಿದ್ದರೆ ಆ ಒಡೆತವೇ ವರ್ಷಗಳಲ್ಲಿ ಲೈನರನ್ನು ಕೊರೆದು ಸೂಜಿತೂತು ಮಾಡಿಬಿಡುತ್ತದೆ. ಡೀಸೆಲ್ಲಿಗೆಂದೇ ಮಾಡಿದ ಕೂಲಂಟ್ ಇದಕ್ಕೂ ಕಾವಲು. ಆದರೆ ಕೂಲಂಟ್ ವಿಷ, ರುಚಿಯಲ್ಲಿ ಸಿಹಿ. ನಾಯಿ, ದನ, ಮಕ್ಕಳು ನೆಕ್ಕಿದರೆ ಮೂತ್ರಪಿಂಡಗಳು ಕೆಟ್ಟು ಪ್ರಾಣಕ್ಕೇ ಸಂಚಕಾರ. ಹಳೆಯದನ್ನು ಗಟಾರಕ್ಕೂ ಕಾಲುವೆಗೂ ಸುರಿಯದೆ ಕ್ಯಾನಿನಲ್ಲಿ ಹಿಡಿದಿಡಬೇಕು.

ಹೊಸ ಗಾಡಿಗಳ ರೇಡಿಯೇಟರ್ ಅಲ್ಯೂಮಿನಿಯಂ, ತೊಟ್ಟಿ ಪ್ಲಾಸ್ಟಿಕ್ಕು. ಹಳೆಯ ಬೆಸುಗೆ ಅದಕ್ಕೆ ಹತ್ತುವುದಿಲ್ಲ. ಬಿರಿದರೆ ಬದಲಿಸುವುದೇ ದಾರಿ. ಸಿಂಧನೂರಿನ ಆ ನೀರಿನ ತೊಟ್ಟಿಯ ಮುಂದೆ ಕೂತು ಗುಳ್ಳೆ ಓದುವ ಕಣ್ಣುಗಳಿಗೆ ಹಿಂದಿನಷ್ಟು ಕೆಲಸವಿಲ್ಲ, ಕಲಿಯಲು ಬರುವ ಹುಡುಗರೂ ಕಡಿಮೆ. ಭಾಗ ಬದಲಿಸುವುದು ಯಾರಿಗಾದರೂ ಬರುತ್ತದೆ. ಯಾವ ಭಾಗ, ಯಾಕೆ ಕೆಟ್ಟಿತು ಎಂದು ಹೇಳುವುದು ವಿದ್ಯೆ. ಜಿಲ್ಲೆಯ ಐಟಿಐಗಳು ತಮ್ಮ ಹುಡುಗರನ್ನು ಒಂದು ಬೇಸಿಗೆಯಾದರೂ ಈ ಮಿಸ್ತ್ರಿಗಳ ಪಕ್ಕ ಕೂರಿಸಬೇಕು. ಹುಡುಗರಿಗೆ ಕಣ್ಣು ಬರುತ್ತದೆ, ಮಿಸ್ತ್ರಿಗಳಿಗೆ ಸಲ್ಲಬೇಕಾದ ಗೌರವ ಸಲ್ಲುತ್ತದೆ.

ಗಾಡಿ ಇಟ್ಟುಕೊಂಡ ಎಲ್ಲರಲ್ಲೂ ಒಂದು ಕೋರಿಕೆ. ಶಿವರಾತ್ರಿ ಕಳೆದು ಬಿಸಿಲು ಏರುವ ಮೊದಲು ಒಂದು ಮುಂಜಾನೆ ಇದಕ್ಕಾಗಿ ತೆಗೆದಿಡಿ. ತಣ್ಣಗಿರುವಾಗ ಮುಚ್ಚಳ ತೆಗೆದು ನೀರಿನ ಮಟ್ಟ, ಬಣ್ಣ ನೋಡಿ. ಮುಚ್ಚಳದ ರಬ್ಬರ್ ಒಡೆದಿದ್ದರೆ ಹೊಸದು ಹಾಕಿ. ಹೋಸ್ ಹಿಸುಕಿ, ಬೆಲ್ಟ್ ಒತ್ತಿ, ರೇಡಿಯೇಟರಿನ ರೆಕ್ಕೆ ತೊಳೆಯಿರಿ. ರಾತ್ರಿ ಗಾಡಿಯ ಅಡಿಗೆ ರಟ್ಟು ಹಾಸಿಟ್ಟು ಬೆಳಿಗ್ಗೆ ಹನಿ ಬಿದ್ದ ಜಾಗ ಗುರುತಿಸಿ. ಮುಳ್ಳು ಕೆಂಪಿಗೆ ಹೋದರೆ ಇನ್ನೊಂದು ಕಿಲೋಮೀಟರ್ ಎನ್ನದೆ ಅಲ್ಲೇ ನಿಲ್ಲಿಸಿ. ಬಿಸಿ ಮುಚ್ಚಳಕ್ಕೆ ಎಂದಿಗೂ ಕೈ ಹಚ್ಚಬೇಡಿ. ಎರಡನೇ ಸಲ ನೀರು ತುಂಬುವ ಪ್ರಸಂಗ ಬಂತೆಂದರೆ ಕೊಡ ಕೆಳಗಿಟ್ಟು ಗಾಡಿಯನ್ನು ಮಿಸ್ತ್ರಿಯ ಹತ್ತಿರ ಒಯ್ಯಿರಿ.